ಶೆಟಿಗೆವ್ವ ಬಂದ ಸಂಜೆ, ಸುರಂಗಕ್ಕೆ ಹೋದ ಬಸ್ಸು

ಆಗ ನನಗೆ ಹದಿನಾಲ್ಕು. ನಲವತ್ತು ವರ್ಷ ದಾಟಿ ಹೋದ ಮಾತು. ಆ ಕಾಲದಲ್ಲಿ ಟಿವಿ ಇದ್ದ ಮನೆಯವರು ಭಾನುವಾರ ಸಂಜೆ ಬಾಗಿಲು ಹಾಕಿಕೊಳ್ಳುವಂತಿರಲಿಲ್ಲ. ಒಂದೇ ಅಂಗಳದ ಸುತ್ತ ಮನೆಗಳಿದ್ದ ವಾಡೆಯ ಮಂದಿಯೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದು ಕೂಡುತ್ತಿದ್ದರು. ನೀವೂ ಹಾಗೆ ಯಾರದೋ ಮನೆಯ ನೆಲದ ಮೇಲೆ ಕೂತು ನೋಡಿದವರೇ ಇರಬೇಕು.

ನಮ್ಮಪ್ಪ ಭಾಲ್ಕಿ ಕಡೆಯಿಂದ ಬಂದು ಔರಂಗಾಬಾದಿನ ಬೇಳೆ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿಯುತ್ತಿದ್ದ. ಈಗ ಆ ಊರಿಗೆ ಸಂಭಾಜಿನಗರ ಅನ್ನುತ್ತಾರೆ. ಕಾಕಾ ನಾಸಿಕದಲ್ಲಿ ಬ್ಯಾಂಕಿನ ಮನುಷ್ಯ. ಕಾಕಿ ಎರಡನೆಯದಕ್ಕೆ ಬಸುರಿಯಾದಾಗ, ಮನೆಗೆಲಸಕ್ಕೆ ಕೈ ಬೇಕು ಅಂತ ನನ್ನನ್ನು ಕಳಿಸಿದರು. ಮೂರನೆಯ ಇಯತ್ತೆಗೇ ಸಾಲೆ ಬಿಡಿಸಿದ್ದರು. ಎಲ್ಲಿಗೆ ಕಳಿಸಿದರೂ ನನ್ನ ಸಾಲೆಯ ಅಭ್ಯಾಸವೇನೂ ಕೆಡುತ್ತಿರಲಿಲ್ಲ.

ಕಾಕಾನ ಮಗಳು ಮಹಾದೇವಿ ನನ್ನ ವಾರಿಗೆಯವಳು. ಅವಳಿಗೆ ಸಾಲೆ, ಎರಡು ಜಡೆ, ಕೆಂಪು ರಿಬ್ಬನ್ನು, ಟಿವಿಯ ಎದುರಿಗೆ ಕುರ್ಚಿ. ನನಗೆ ಒಲೆ ಮತ್ತು ಹಂಡೆ. ಬಾಣಂತನಕ್ಕೆ ಅಂತ ಕೊಬ್ಬರಿ, ಖಾರೀಕು ಕುಟ್ಟಿ ಅಂಟಿನುಂಡಿ ಕಟ್ಟಿದವಳು ನಾನು. ಡಬ್ಬಿಗೆ ಕೈ ಹಾಕಿ ತಿಂದವಳು ಅವಳು. ಮಧ್ಯಾಹ್ನ ಗಜಗ ಆಡಿದರೆ ನಾನೇ ಗೆಲ್ಲುತ್ತಿದ್ದೆ. ಗೆದ್ದು ಏನು ಬಂತು? ಆಟ ಮುಗಿದ ಮೇಲೆ ಅವಳು ಕುರ್ಚಿಗೆ, ನಾನು ಒಲೆಗೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಭಾನುವಾರ ಸಂಜೆ ಬರುತ್ತಿದ್ದ ಆ ಸೀರಿಯಲ್ಲು ಹಿಂದಿಯದು, ವರ್ಷಗಟ್ಟಲೆ ನಡೆಯಿತು. ಒಬ್ಬ ಕಂಡಕ್ಟರ್. ಅವನ ಬಸ್ಸು ಘಾಟಿನ ಸುರಂಗ ಹೊಕ್ಕರೆ ಬೇರೆ ಕಾಲದಲ್ಲಿ ಹೊರಬೀಳುತ್ತಿತ್ತು. ಒಂದು ವಾರ ರಾಜರ ಕಾಲ, ಮತ್ತೊಂದು ವಾರ ಇನ್ನೂ ಬಾರದ ಕಾಲ. ಅವನು ಟಿಕೆಟ್ಟಿನ ಚೀಲ ಬಗಲಿಗೆ ಹಾಕಿಕೊಂಡೇ ಇಳಿಯುತ್ತಿದ್ದ. ನಾನು ಹಿಟ್ಟಿನ ಕೈಯಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಮಂದಿಯ ತಲೆಗಳ ಸಂದಿಯಿಂದ ನೋಡುತ್ತಿದ್ದೆ. ಒಂದು ಭಾನುವಾರ ಬಸ್ಸು ಅವನು ಹುಟ್ಟಿದ ದಿನಕ್ಕೇ ಹೋಗಿ ನಿಂತಿತು. ಅವನಿಗೆ ಬುದ್ಧಿ ಬರುವ ಮೊದಲೇ ತಾಯಿ ಸತ್ತಿದ್ದಳು. ಅವಳ ಮುಖ ಹೇಗಿತ್ತೋ ಅವನಿಗೆ ಗೊತ್ತಿರಲಿಲ್ಲ. ಅವರ ಮನೆಯ ಬಾಗಿಲಿಗೆ ಕೈ ಹಚ್ಚಿದ. ಅಷ್ಟಕ್ಕೇ ಮುಗಿಸಿ, ಮುಂದಿನ ವಾರ ಅಂದುಬಿಟ್ಟರು. ರೊಟ್ಟಿ ಬಡಿಯುವಾಗಲೂ, ನೀರು ಸೇದುವಾಗಲೂ ನನಗೆ ಅದೇ ಧ್ಯಾನ. ಒಳಗೆ ಹೋಗುತ್ತಾನೋ ಇಲ್ಲವೋ?

ವಾರದ ನಡುವೆ ಕಾಕಿ ಗಂಡುಕೂಸು ಹೆತ್ತಳು. ಐದನೆಯ ದಿನ ಸರಿಯಾಗಿ ಭಾನುವಾರವೇ ಬಂತು. ಐದನೆಯ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ನಮ್ಮ ಕಡೆ ಒಳಕಲ್ಲಿಗೆ ಪೂಜೆ ಮಾಡಿ, ಅವಳಿಗೆ ಅಂತ ಹಾಳೆ, ಪೆನ್ನು ಇಡುತ್ತಾರೆ. ಕೂಸಿನ ಮಗ್ಗುಲಲ್ಲಿ ಒಬ್ಬರು ಕೂಡಬೇಕು, ಏಳುವಂತಿಲ್ಲ. ಆಯಿ, ಅಂದರೆ ನಮ್ಮಜ್ಜಿ, ಕಾಕಾನ ತಾಯಿ, ಸಂಜೆಗೇ ಟಿವಿಯ ಮೇಲೆ ತನ್ನ ಹಳೆಯ ಸೀರೆ ಹೊದಿಸಿಬಿಟ್ಟಳು.

“ಯವ್ವಾ, ಇದೇನು?” ಅಂದ ಕಾಕಾ.

“ಅಕಿ ಬಂದಾಗ ಇದು ಹಚ್ಚಿದ್ರ, ಬರಿಯಾದು ಬಿಟ್ಟು ಇದನ್ನೇ ನೋಡ್ಕೋತ ಕೂಡ್ತಾಳ. ನಿನ್ನ ಮಗನ ಹಣಿ ಮ್ಯಾಲ ಬಸ್ಸಿನ ನಂಬರ್ ಬರದು ಹೋದ್ರ ಏನ್ ಮಾಡ್ತಿ?”

ಬ್ಯಾಂಕಿನ ಮನುಷ್ಯ ಎದ್ದು ಸೀರೆಯ ಇನ್ನೊಂದು ಅಂಚು ಎಳೆದು ಸರಿ ಮಾಡಿದ. ಮಹಾದೇವಿ ಮಾತ್ರ ಕಾಲು ಬಡಿದು ಅತ್ತಳು.

“ಅಳಬ್ಯಾಡ. ಎದುರು ಮನಿ ಸುಮನಕಾಕೂ ಕಡಿ ಹೋಗಿ ನೋಡು,” ಅಂದಳು ಆಯಿ.

“ನಾನೂ ಹೋಗ್ತೀನ್ರಿ ಆಯಿ,” ಅಂದೆ.

“ನೀ ಹೋದ್ರ ಕೂಸಿನ ಬಾಜೂ ಯಾರ್ ಕೂಡ್ತಾರ? ಮಹಾದೇವಿ ಕೂಡ್ತಾಳೇನು? ಅಕಿ ಅಂಜ್ತಾಳ.”

“ನನಗ ಅಂಜಿಕಿ ಇಲ್ಲೇನ್ರಿ?”

“ನಿನ್ನ ಕಂಡ್ರ ಶೆಟಿಗೆವ್ವನೇ ಅಂಜಬೇಕು. ಕೂಡು ಸುಮ್ನ.”

ಕೂತೆ. ಬಾಣಂತಿಗೆ ಅಂತ ಹಾಕಿದ್ದ ಅಜವಾನದ ಹೊಗೆಗೆ ಕಣ್ಣು ಉರಿಯುತ್ತಿತ್ತು. ಎದುರು ಮನೆಯಿಂದ ಸೀರಿಯಲ್ಲಿನ ಬಾಜಾ ಕೇಳಿಸಿತು, ಆಮೇಲೆ ವಾಡೆಯೆಲ್ಲ ಗಪ್ಪಾಯಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಒಮ್ಮೆಲೇ “ಅಯ್ಯೋ” ಅಂದದ್ದು ಕೇಳಿತು. ಏನಾಯಿತು? ಬಾಗಿಲು ತೆರೆಯಿತೇ? ಇಪ್ಪತ್ತು ಹೆಜ್ಜೆ ಆಚೆ ಅದು ನಡೆಯುತ್ತಿತ್ತು. ನನ್ನ ಪಾಲಿಗೆ ಬಂದದ್ದು ಆ ಒಂದು ಅಯ್ಯೋ. ಹಾಸಿಗೆಯಲ್ಲಿದ್ದ ಕಾಕಿಯೂ ಕತ್ತೆತ್ತಿ, “ಏನಾತಂತ?” ಅಂದಳು. ಪಾಪ, ಅವಳಿಗೂ ನೋಡುವ ಆಸೆ.

ಮಹಾದೇವಿ ಕೈಯಲ್ಲಿ ಚಕ್ಕುಲಿ ಹಿಡಿದು ಬಂದಳು.

“ಒಳಗ ಹೋದನೇನs?” ಅಂದೆ.

“ಹೋದ.”

“ಆಮ್ಯಾಲೆ?”

“ಕೂಸು ನೋಡ್ದ. ಹೊಳ್ಳಿ ಬಂದ.”

“ತಾಯಿ ಏನಂದ್ಳು? ಇವ ಯಾರಂತ ಗುರ್ತ್ ಹಿಡದ್ಳಾ?”

“ಲಕ್ಷ್ಯ ಇರ್ಲಿಲ್ಲ ನಂದು. ಸುಮನಕಾಕೂ ಚಕ್ಕುಲಿ ಕೊಟ್ಟಿದ್ರು.”

ಲಕ್ಷ್ಯ ಇರಲಿಲ್ಲವಂತೆ! ಅವಳ ಕುರ್ಚಿಗೆ, ರಿಬ್ಬನ್ನಿಗೆ ಹೊಟ್ಟೆ ಉರಿದದ್ದು ಏನೂ ಅಲ್ಲ. ಎದುರಿಗೆ ಕೂತು ಚಕ್ಕುಲಿ ಕಡಿಯುವವಳಿಗೆ ಆ ಕತೆ ಕೊಟ್ಟು, ವಾರವೆಲ್ಲ ಕಾದವಳಿಗೆ ಹೊಗೆ ಕೊಟ್ಟರಲ್ಲ, ಆ ಉರಿ ಇನ್ನೂ ಆರಿಲ್ಲ.

ಈಗ ನನ್ನ ಮಗ ಸಂಭಾಜಿನಗರದ ಹೊರಗೆ ಶೇಂದ್ರಾದ ಕಾರ್ಖಾನೆಗೆ ಹೋಗುತ್ತಾನೆ. ಮೊಮ್ಮಗಳು ಫೋನು ಹಿಡಿದು, “ಆಜೀ, ಯಾವ್ದು ಬೇಕು ಹೇಳು, ಹಚ್ಚಿ ಕೊಡ್ತೀನಿ” ಅನ್ನುತ್ತಾಳೆ. ಆ ಸೀರಿಯಲ್ಲು ಅದರಲ್ಲಿ ಸಿಗಲಿಲ್ಲ. ಬೇರೆಯವು ಬೇಕಾದಷ್ಟಿವೆ, ತಪ್ಪಿದರೆ ನಾಳೆ, ನಾಳೆ ಬಿಟ್ಟರೆ ನಾಡಿದ್ದು. ಒಬ್ಬೊಬ್ಬರಿಗೂ ಒಂದೊಂದು ಫೋನು, ಒಂದೊಂದು ಮೂಲೆ. ವಾಡೆಯೆಲ್ಲ ಒಮ್ಮೆಲೇ ಅಯ್ಯೋ ಅಂದದ್ದನ್ನು ಆಮೇಲೆ ನಾನು ಎಲ್ಲೂ ಕೇಳಿಲ್ಲ. ಆಯಿ ಹೋದಳು, ಕಾಕಿ ಹೋದಳು, ವಾಡೆ ಕೆಡವಿ ದೊಡ್ಡ ಬಿಲ್ಡಿಂಗ್ ಕಟ್ಟಿದರು. ಹೋದ ದೀಪಾವಳಿಗೆ ಮಹಾದೇವಿಗೆ ಫೋನು ಮಾಡಿ ಬಸ್ಸಿನ ಮಾತು ತೆಗೆದೆ. “ಯಾವ ಬಸ್ಸs?” ಅಂದಳು. ಅವಳಿಗೆ ನೆನಪೇ ಇಲ್ಲ. ನೋಡಿದ್ದವಳು ಅವಳೊಬ್ಬಳು ಉಳಿದಿದ್ದಳು, ಅವಳೂ ಅದನ್ನು ಕಳೆದುಕೊಂಡುಬಿಟ್ಟಳು.

ಆ ಭಾನುವಾರದ ಮರುದಿನ ಬೆಳಿಗ್ಗೆ ಕಾಕಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುತ್ತಿದ್ದೆ. “ಮಹಾದೇವಿಗಂತೂ ನಿನ್ನಿ ಬಸ್ಸಿಂದು ಹೇಳಾಕ ಬರಲ್ದು. ನಿನಗ ಏನಾರ ಗೊತ್ತಾತೇನವ್ವಾ?” ಅಂದಳು ಕಾಕಿ. ಗೊತ್ತಾಯಿತು ಅಂದೆ. ಬಾಗಿಲು ಕಿರ್ ಅಂದದ್ದು, ಬಾಣಂತಿ ಇವನನ್ನು ಕಳ್ಳನೆಂದು ತಿಳಿದು ಕೂಸನ್ನು ಸೆರಗಿನೊಳಗೆ ಮುಚ್ಚಿದ್ದು, ಇವನು ಏನೂ ತೋಚದೆ ಚೀಲದಿಂದ ಒಂದು ಟಿಕೆಟ್ಟು ಹರಿದು ಅವಳ ಮುಂದೆ ಹಿಡಿದದ್ದು, ಎಲ್ಲ ನಾನೇ ಕಟ್ಟಿ ಹೇಳಿದೆ. ಹೇಳುತ್ತ ಹೋದಂತೆ ನನಗೆ ಕಾಣಿಸುತ್ತಲೂ ಹೋಯಿತು. ಕೂಸನ್ನು ಕಾಲ ಮೇಲೆ ಹಾಕಿಕೊಂಡ ಆಯಿ, “ತಗೊಂಡ್ಳೇನು?” ಅಂದಳು. ಹಿಂದಿನಿಂದ ಇನ್ನೊಂದು ದನಿ, “ಹೇಳs, ತಗೊಂಡ್ಳಾ?” ಅಂದಿತು. ತಿರುಗಿ ನೋಡಿದರೆ ಮಹಾದೇವಿ, ಒಂದೇ ಜಡೆ ಹೆಣೆದು, ಇನ್ನೊಂದರ ರಿಬ್ಬನ್ನು ಬಾಯಲ್ಲಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಿನಗ ಸಾಲಿಗಿ ಹೊತ್ತಾಗ್ತದ, ಹೋಗು,” ಅಂದು, ಅವಳು ಮೆಟ್ಟಿಲು ಇಳಿಯುವವರೆಗೆ ಬರೀ ನೀರು ಹೊಯ್ದೆ.