ಅತ್ತೆಯ ಮೇಲಿನ ಪ್ಯಾರಾ

ನಮ್ಮಲ್ಲಿ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಹಾಗೆ ಕೊಟ್ಟರೆ ಹೊಲ, ಕುರಿ, ಜಗಳ ಎಲ್ಲವೂ ಮನೆಯೊಳಗೇ ಉಳಿಯುತ್ತವೆ ಎಂದು ಹಿರಿಯರು ಹೇಳುತ್ತಿದ್ದರು. ಜಗಳದ ಮಟ್ಟಿಗೆ ಅವರ ಮಾತು ಪೂರ್ತಿ ನಿಜವಾಯಿತು. ಹಿರಿಯೂರಿನಲ್ಲಿದ್ದ ನಮ್ಮಪ್ಪನ ತಂಗಿಯ ಮಗನಿಗೆ ನನ್ನ ತಂಗಿಯನ್ನು ಕೊಟ್ಟಿದ್ದೆವು. ಅವಳು ವಿಚ್ಛೇದನಕ್ಕೆ ಹೊರಟಾಗ ಯಾರ ಕಡೆ ನಿಲ್ಲಬೇಕೆಂದು ನೆಂಟರಿಗೇ ತಿಳಿಯದಾಯಿತು. ಹೆಣ್ಣಿನ ಚಿಕ್ಕಪ್ಪನೇ ಗಂಡಿನ ಸೋದರಮಾವ. ಮದುವೆಯಲ್ಲಿ ಎರಡೂ ಕಡೆಯವರಾಗಿ ಓಡಾಡಿದ ಮನುಷ್ಯ ಈಗ ಎರಡೂ ಮನೆಯ ಫೋನು ಎತ್ತುವುದನ್ನು ಬಿಟ್ಟ.

ನನಗೆ ಆ ಸೌಕರ್ಯವಿರಲಿಲ್ಲ. ಅಪ್ಪ ತೀರಿಹೋದ ಮೇಲೆ ಬಬ್ಬೂರಿನ ಮನೆಗೆ ನಾನೇ ಯಜಮಾನ. ಯಜಮಾನನೆಂದರೆ ಎಲ್ಲರಿಗಿಂತ ಮೊದಲು ಎದ್ದು ಚಿಂತೆ ಶುರು ಮಾಡುವವನು ಎಂದೇ ನಾನು ಅರ್ಥ ಮಾಡಿಕೊಂಡಿದ್ದೇನೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ.

ತಂಗಿಯ ಗಂಡ ಕೆಲಸಕ್ಕೆಂದು ತುಮಕೂರಿಗೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ. ಕರೆದರೆ ಬರಲಿಲ್ಲ, ಇವಳನ್ನು ಕರೆಸಿಕೊಳ್ಳಲೂ ಇಲ್ಲ. ಮಾವ ಕುರಿಗಳ ಹಿಂದೆ ಊರೂರು ತಿರುಗುವವರಾದ್ದರಿಂದ ಅತ್ತೆ, ತಂಗಿ, ಅವಳ ಪುಟ್ಟ ಮಗಳು ಮೂವರೇ ವರ್ಷಗಟ್ಟಲೆ ಹಿರಿಯೂರಿನ ಮನೆಯಲ್ಲಿ ಕಾದರು. ಕೊನೆಗೆ ತಂಗಿ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದು, ನನಗೆ ಬಿಡುಗಡೆ ಬೇಕು ಅಂದಳು. ಒಪ್ಪಿ ಸಹಿ ಹಾಕು ಎಂದರೆ ಅವನು ಅದಕ್ಕೂ ಬರಲಿಲ್ಲ.

ಚಿತ್ರದುರ್ಗದ ವಕೀಲರು ಅರ್ಜಿ ಸಿದ್ಧಮಾಡಿ ಓದಿ ಹೇಳಿದರು. ಎಲ್ಲ ಸರಿಯಾಗಿತ್ತು, ಮಧ್ಯದ ಒಂದು ಪ್ಯಾರಾ ಬಿಟ್ಟು. ಅತ್ತೆ ವರದಕ್ಷಿಣೆಗಾಗಿ ಹೊಡೆದರು, ಊಟ ಹಾಕಲಿಲ್ಲ ಎಂದು ಅದರಲ್ಲಿತ್ತು. ಇದನ್ನು ಎಲ್ಲರೂ ಹಾಕುತ್ತಾರೆ, ಇದರ ಮೇಲೆ ಪೊಲೀಸರಿಗೊಂದು ದೂರು ಕೊಟ್ಟರೆ ವಯಸ್ಸಾದ ತಾಯಿಗೆ ತೊಂದರೆಯಾಗುತ್ತದೆಂದು ಮಗ ಓಡಿಬಂದು ಸಹಿ ಹಾಕುತ್ತಾನೆ ಎಂದು ಅವರು ವಿವರಿಸಿದರು. ಕೆಟ್ಟವರೇನಲ್ಲ, ಬೇಗ ಮುಗಿಯಲಿ ಎಂಬ ಆಸೆ ಅವರಿಗೆ. ಆದರೆ ಆ ಪ್ಯಾರಾ ಉಳಿದರೆ ಅತ್ತೆಗೆ ಸೊಸೆಯ ಜೊತೆಗೆ ತವರೂ ತಪ್ಪಿಹೋಗುತ್ತಿತ್ತು. ಅದನ್ನು ತೆಗೆದರೆ ತಂಗಿಯ ಬಿಡುಗಡೆ ಎಷ್ಟು ವರ್ಷ ಎಳೆಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಾನು ಎರಡೂ ಕಡೆಗೆ ಚಿಂತಿಸುತ್ತಾ, ಯಾವ ಕಡೆಗೂ ಮಾತಾಡದೆ, ವಕೀಲರ ಮೇಜಿನ ಗಾಜನ್ನು ನೋಡುತ್ತಾ ಕುಳಿತೆ.

"ಸರ್, ಅದನ್ನ ತೆಗೀರಿ," ಅಂದಳು ತಂಗಿ. "ಬಿಟ್ಟು ಹೋಗಿದ್ದು ಮಗ. ಅವ್ರು ನನಗೆ ಬಡಿಸಿ ಆಮೇಲೆ ಉಂಡೋರು."

"ಲೇಟಾಗ್ತೈತಮ್ಮ."

"ಆಗ್ಲಿ ಬಿಡ್ರಿ."

ವಕೀಲರು ನನ್ನ ಮುಖ ನೋಡಿದರು. ನಾನು ತಂಗಿಯ ಮುಖ ನೋಡಿದೆ. ಚಿಕ್ಕವಳಿದ್ದಾಗ ಇವಳ ಕೈಹಿಡಿದು ರಸ್ತೆ ದಾಟಿಸುತ್ತಿದ್ದವನು ನಾನೇ ಎಂಬುದನ್ನು ನಂಬುವುದು ಕಷ್ಟವಾಯಿತು.

ಆ ಪ್ಯಾರಾ ಇಲ್ಲದೆಯೇ ಅರ್ಜಿ ಕೋರ್ಟಿಗೆ ಹೋಯಿತು. ಕೇಸು ನಡೆಯುತ್ತಿರುವಾಗಲೇ ಗೌರಿ ಹಬ್ಬ ಬಂತು. ತವರಿನಿಂದ ಅತ್ತೆಗೆ ಬಾಗಿನ ಹೋಗಬೇಕು. ಎದುರು ಪಾರ್ಟಿಯ ತಾಯಿಗೆ ಬಾಗಿನ ಕೊಟ್ಟರೆ ಕೇಸು ಬಿದ್ದುಹೋಗುತ್ತದೆಯೇ ಎಂದು ನಾನು ವಕೀಲರಿಗೆ ಫೋನ್ ಮಾಡಿ ಕೇಳಿದೆ. ಅದಕ್ಕೆ ಇನ್ನೂ ಸೆಕ್ಷನ್ ಬಂದಿಲ್ಲ ಎಂದರು ಅವರು. ತಂಗಿ ಯಾರನ್ನೂ ಕೇಳಲಿಲ್ಲ. ಮೊರದಲ್ಲಿ ಬಳೆ, ಅರಿಶಿನ, ಕುಂಕುಮ, ರವಿಕೆ ಕಣ ಇಟ್ಟು ಹೊರಟಳು. ನಾನು ಕಾರು ತೆಗೆದೆ.

ಅತ್ತೆ ಬಾಗಿನ ತಗೊಂಡು, ಸೊಸೆಗೆ ಕುಂಕುಮ ಇಟ್ಟು, ಕಾಫಿ ಕೊಟ್ಟ ಮೇಲೆ ಕೇಸು ಎಲ್ಲಿಗೆ ಬಂತೆಂದು ಕೇಳಿದರು. ತಂಗಿ ಮುಚ್ಚಿಡಲಿಲ್ಲ. ಹೆಂಡತಿ ತಾನಾಗಿಯೇ ಮನೆ ಬಿಟ್ಟಳು, ತಾನು ತಿಂಗಳು ತಿಂಗಳೂ ಬಂದುಹೋಗುತ್ತಿದ್ದೆ ಎಂದು ಮಗ ತಕರಾರು ಸಲ್ಲಿಸಿದ್ದಾನೆ ಎಂದಳು. ಅತ್ತೆ ಲೋಟಗಳನ್ನು ಒಂದರೊಳಗೊಂದು ಇಟ್ಟರು.

"ನಾನು ಬಂದು ಹೇಳಿದ್ರೆ ನಡೀತೈತಾ?"

"ಬ್ಯಾಡ ಅತ್ತೆ. ನಿಮ್ಮತ್ರ ಮಾತು ಬಿಟ್ಟಾನು."

"ಈಗೇನ್ ದಿನಾ ಮಾತಾಡ್ತಾನಾ?"

ತಂಗಿ ಆಮೇಲೂ ಬೇಡವೆಂದೇ ಹೇಳುತ್ತಿದ್ದಳು. ಅತ್ತೆ ಕೇಳಲಿಲ್ಲ.

ಸಾಕ್ಷಿಯ ದಿನ ಅತ್ತೆ ಅದೇ ರವಿಕೆ ಕಣ ಹೊಲಿಸಿ ತೊಟ್ಟುಕೊಂಡು ಚಿತ್ರದುರ್ಗದ ಕೋರ್ಟಿಗೆ ಬಂದಿದ್ದರು. ನಾನು ಎಂದಿನಂತೆ ಜವಾನರು ಬಾಗಿಲು ತೆಗೆಯುವ ಮೊದಲೇ ಹೋಗಿ, ಎಲ್ಲದರ ಜೆರಾಕ್ಸ್ ಇಟ್ಟುಕೊಂಡು ವರಾಂಡದಲ್ಲಿ ತಿರುಗುತ್ತಿದ್ದೆ. ಅತ್ತೆಯನ್ನು ಒಳಗೆ ಕರೆದಾಗ ಬಾಗಿಲ ಬಳಿ ನಿಂತುಕೊಂಡೆ. ಮಗ ಎದುರಿಗೇ ತಲೆ ಬಗ್ಗಿಸಿ ಕುಳಿತಿದ್ದ. ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಬರುತ್ತಿರಲಿಲ್ಲ, ಮಗುವಿಗೆ ಜ್ವರ ಬಂದಾಗಲೂ ಬರಲಿಲ್ಲ, ಸೊಸೆ ಕಾದು ಕಾದು ಹೋದಳು. ಮಗನ ಬಗ್ಗೆ ಒಂದು ಬೈಗುಳವಿಲ್ಲ, ಒಂದು ಹೆಚ್ಚಿನ ಮಾತಿಲ್ಲ.

ಅವನ ವಕೀಲರು ಎದ್ದು, ಸೊಸೆ ನಿಮ್ಮ ಸ್ವಂತ ಅಣ್ಣನ ಮಗಳು, ರಕ್ತಸಂಬಂಧಕ್ಕೆ ಕಟ್ಟುಬಿದ್ದು ಅವಳ ಪರವಾಗಿ ಹೇಳುತ್ತಿದ್ದೀರಿ ಎಂದರು. ಇಷ್ಟು ದಿನ ನಾನು ಚಿಂತಿಸಿದ್ದ ನೂರು ವಿಷಯಗಳಲ್ಲಿ ಇದೊಂದು ಇರಲಿಲ್ಲ.

"ಅವ್ಳು ಅಣ್ಣನ ಮಗಳು, ನಿಜ ಸ್ವಾಮಿ," ಅಂದರು ಅತ್ತೆ. "ಅವ್ನು ನನ್ನ ಹೊಟ್ಟೇಲಿ ಹುಟ್ಟಿದೋನು. ರಕ್ತ ನೋಡಿ ಹೇಳೋದಾಗಿದ್ರೆ ನಾನು ಆ ಕಡೆಗೇ ಹೇಳ್ಬೇಕಿತ್ತಲ್ಲ."

ವಕೀಲರು ಕಾಗದ ತಿರುವಿ, ಬೇರೆ ಪ್ರಶ್ನೆ ಇಲ್ಲ ಎಂದು ಕುಳಿತರು.

ತೀರ್ಪು ಕೆಲವು ತಿಂಗಳ ನಂತರ ತಂಗಿಯ ಪರವಾಗಿ ಬಂತು, ಮಗಳು ಅವಳ ಬಳಿಯೇ ಉಳಿದಳು. ಆದರೆ ನನ್ನ ಮಟ್ಟಿಗೆ ಕೇಸು ಮುಗಿದದ್ದು ಆ ಮಧ್ಯಾಹ್ನವೇ. ಹೊರಗೆ ಮೆಟ್ಟಿಲ ಮೇಲೆ ಮಗ ತಾಯಿಯನ್ನು ದಾಟಿಕೊಂಡು ಹೋದ. ಉಂಡು ಹೋಗಪ್ಪ ಎಂದು ಅತ್ತೆ ಮೆಲ್ಲಗೆ ಅಂದರು. ಅವನ ನಡಿಗೆ ಒಂದು ಕ್ಷಣ ನಿಧಾನವಾಯಿತು, ಆದರೆ ಅವನು ತಿರುಗಲಿಲ್ಲ. ತಂಗಿ ಅತ್ತೆಯ ಕೈಚೀಲವನ್ನು ತಾನು ಹಿಡಿದುಕೊಂಡಳು.

ಅರ್ಜಿದಾರರ ಕಾರಿನಲ್ಲಿ ಸಾಕ್ಷಿ ಕೂರಬಹುದೇ, ಯಾರಾದರೂ ನೋಡಿದರೆ ಏನು ಗತಿ ಎಂದು ನಾನು ಕೀಲಿ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು.

"ಲೇ, ನಿಂತ್ಕಂಡು ಏನ್ ಯೋಚ್ನೆ ಮಾಡ್ತೀಯ, ಹೋಗಾಣ ನಡಿ," ಅಂದರು ಅತ್ತೆ. "ಇವತ್ತು ತವರಲ್ಲೇ ಇರ್ತೀನಿ."

ಊರಿನ ದಾರಿಯಲ್ಲಿ ಐಮಂಗಲ ದಾಟುವ ಮೊದಲೇ ಅವರು ತಂಗಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದರು. ತಂಗಿ ಅಲುಗಾಡದೆ ಕಿಟಕಿಯಾಚೆ ನೋಡುತ್ತಿದ್ದಳು. ಹಿಂದಿನ ಲಾರಿಗಳು ಹಾರನ್ ಹೊಡೆದು ಹೊಡೆದು ನನ್ನನ್ನು ಹಿಂದೆ ಹಾಕಿದವು. ನಾನು ಯಾವಾಗಲೂ ಹೆದರಿ ನಿಧಾನವಾಗಿಯೇ ಓಡಿಸುವವನು. ಅಂದು ಮಾತ್ರ ಅದಕ್ಕೆ ತಕ್ಕ ಕಾರಣವಿತ್ತು.