ಅಡುಗೆಮನೆಯಲ್ಲಿ ಕಲಿತ ವೊವಿಯೊ

ಆಗತಾನೇ ತುರಿದ ಕಾಯಿಗೆ ಬಿಸಿನೀರು ಹಾಕಿ ಹಿಂಡಿದ ಮೊದಲ ಹಾಲಿನ ವಾಸನೆ ಎಲ್ಲಿ ಬಂದರೂ, ಕೊಟ್ಟಾರದ ನನ್ನ ಫ್ಲ್ಯಾಟಿನಲ್ಲಾದರೂ ಸರಿ, ಅದರ ಹಿಂದೆಯೇ ಹೆಂಗಸರ ದನಿಗಳು ಬರುತ್ತವೆ. ಒಂದು ದನಿ ಮುಂದೆ, ಉಳಿದವು ಅದರ ಬೆನ್ನಿಗೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರ ಉಂಟು. ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ ತಲೆಗೆ ಎಣ್ಣೆ, ತೆಂಗಿನಹಾಲು ಹಾಕುತ್ತಾರೆ. ಆಗ ಹಾಡುವ ಹಾಡುಗಳೇ ವೊವಿಯೊ. ಮುಂದಾಗಿ ಹಾಡುವವಳ ಗಂಡ ಬದುಕಿರಬೇಕು. ದನಿ ಚೆನ್ನಾಗಿರಬೇಕೆಂಬ ನಿಯಮ ಇಲ್ಲ.

ಅತ್ತಾವರದ ನಮ್ಮ ಹೆಂಚಿನ ಮನೆಯಲ್ಲಿ ಆ ಮುಂದಿನ ದನಿ ಎಮಿಲಿ ಮಾವ್ಶಿಯದಾಗಿತ್ತು. ಮಾವ್ಶಿ ನನ್ನ ಅಮ್ಮನ ಅಕ್ಕ, ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು, ಮುಖ ತೊಳೆದು, ಡೆಟಾಲ್ ವಾಸನೆ ಇನ್ನೂ ಹೋಗಿರದ ಕೈಯಲ್ಲಿ ಶಿಲುಬೆಯ ಗುರುತು ಹಾಕಿ ಮೊದಲ ಸಾಲು ಎತ್ತಿದರೆ ಚಪ್ಪರದ ಗಂಡಸರೂ ಗ್ಲಾಸು ಕೆಳಗಿಡುತ್ತಿದ್ದರು. ಹಳೆಯ ಸಾಲುಗಳ ನಡುವೆ ಅವರು ಹೊಸದನ್ನೂ ಕಟ್ಟುತ್ತಿದ್ದರು. ಒಮ್ಮೆ, ಊಟಕ್ಕೆ ಮೊದಲೇ ಹಂದಿಮಾಂಸದ ಪಾತ್ರೆಗೆ ಕೈ ಹಾಕಿದ ತಮ್ಮ ಜೋನ್‌ನನ್ನು ಅದೇ ರಾಗದಲ್ಲಿ ಹಾಡಿಗೆ ಎಳೆದು ತಂದರು.

"ಎಂತ ಅಕ್ಕಾ, ಮರ್ಯಾದೆ ತೆಗಿತೀಯಲ್ಲ ಮಾರಾಯ್ತಿ!" ಎಂದು ಜೋನ್ ಮಾಮ್ ಕೂಗಿದರು.

"ಇದ್ರಲ್ವಾ ತೆಗಿಯುದು?" ಎಂದು ಮಾವ್ಶಿ ಮುಂದಿನ ಸಾಲಿಗೆ ಹೋದರು.

ಅವರ ಗಂಡ ಕುವೈತ್‌ನಲ್ಲಿ ತೀರಿಕೊಂಡರು. ಅದಾದ ಮೇಲಿನ ಮೊದಲ ರೋಸ್‌ನಲ್ಲಿ ಮಾವ್ಶಿ ಅಡುಗೆಮನೆಯಲ್ಲಿದ್ದರು. ಹೋಗೆಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ಕಳಿಸುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಹೊರಗೆ ನೆರೆಮನೆಯ ಜುಲಿಯಾನಾ ಬಾಯಿ ಹಾಡುತ್ತಿದ್ದರು. ಒಳಗೆ ಮಾವ್ಶಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಾ, ತುಟಿ ಮಾತ್ರ ಅಲ್ಲಾಡಿಸುತ್ತಾ, ತಪ್ಪಿದ ಸಾಲನ್ನೆಲ್ಲ ಸರಿ ಮಾಡುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕೂತಿದ್ದೆ.

"ಹೊರಗೆ ಹೋಗಿ ಕೇಳು ಬಾಯೆ," ಎಂದರು.

"ಇಲ್ಲೇ ಚೆನ್ನಾಗಿ ಕೇಳ್ತದೆ."

"ಎಂತ ಚೆನ್ನಾಗಿ? ಹಾಡಲ್ಲಿ ಎಣ್ಣೆ ಹಾಕುವ ಮೊದಲೇ ಮದುಮಗಳನ್ನು ಸ್ನಾನಕ್ಕೆ ಕಳಿಸಿದ್ದಾಳೆ ಅವಳು!"

ನನ್ನ ಬಾಲ್ಯದ ಸಂಗೀತವೆಲ್ಲ ಹೀಗೆ ಎರಡು ಪದರದ್ದು. ಗೋಡೆಯಾಚೆ ಮೈಕಿನಲ್ಲಿ ಒಂದು, ಕಿವಿಯ ಹತ್ತಿರ ಪಿಸುದನಿಯಲ್ಲಿ ಇನ್ನೊಂದು. ಯಾವುದು ಸರಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಆಮೇಲೆ ಕಾಲೇಜು, ಯೂನಿವರ್ಸಿಟಿ, ಬಲ್ಮಠದಲ್ಲಿ ಪಾಠ ಮಾಡುವ ಕೆಲಸ ಎಲ್ಲ ಬಂದವು. ನಾನು ದನಿ ಎತ್ತುವವಳಲ್ಲ. ಆದರೆ ಕಡಿಮೆ ದನಿ ಎಂದರೆ ಸೋತ ದನಿ ಎಂದು ನಾನು ಯಾವತ್ತೂ ನಂಬಲಿಲ್ಲ.

ನನ್ನ ಮದುವೆ ಆ ಮನೆಯಲ್ಲಿ ನಡೆದ ಕೊನೆಯ ಮದುವೆ. ಮನೆ ಆಗಲೇ ಬೇರೆಯವರ ಕೈಗೆ ಹೋಗುವುದರಲ್ಲಿತ್ತು. ಮಾವ್ಶಿ ಹಾಡಬೇಕು ಎಂದು ನಾನು ಹೇಳಿದಾಗ ಜೋನ್ ಮಾಮ್ ಕೋಪಿಸಿಕೊಳ್ಳಲಿಲ್ಲ, ಹೆದರಿದರು. "ನಿನ್ನ ಒಳ್ಳೇದಕ್ಕೇ ಹೇಳುದು. ನಾಳೆ ಎಂತಾದ್ರೂ ಆದ್ರೆ?"

"ಆದ್ರೆ ನಾನೂ ಅಡುಗೆಮನೆಗೆ ಹೋಗ್ಬೇಕಾ, ಮಾಮ್?"

ಅವರು ಅಂಗಳ ನೋಡಿದರು. ನಾನು ರೋಸ್‌ಗೆಂದು ಉಟ್ಟಿದ್ದ ಹಳೆಯ ಸೀರೆಯಲ್ಲೇ ಒಳಗೆ ಹೋಗಿ ಮಾವ್ಶಿಯ ಎದುರು ನೆಲದ ಮೇಲೆ ಕೂತೆ.

"ಎದ್ದೇಳು. ನನ್ನ ಹೆಸರಲ್ಲಿ ಜಗಳ ಬೇಡ. ಜನ ನಿನ್ನನ್ನು ಕಾಯ್ತಾ ಇದ್ದಾರೆ."

"ನಿಮ್ಮನ್ನೂ ಕಾಯ್ತಾ ಇದ್ದಾರೆ."

"ಸುಳ್ಳು ಹೇಳ್ಲಿಕ್ಕೂ ಸರಿಯಾಗಿ ಬರುದಿಲ್ಲ ನಿನಗೆ," ಎಂದು ನಕ್ಕರು. ನಗು ಮುಗಿಯುವ ಹೊತ್ತಿಗೆ ಕಣ್ಣು ತುಂಬಿತ್ತು. ಎದ್ದು ಕೈ ತೊಳೆದುಕೊಂಡರು.

ಚಪ್ಪರಕ್ಕೆ ಬಂದು ಅವರು ಎತ್ತಿದ ಮೊದಲ ಸಾಲು ನಡುಗಿತು. ಸಾಲು ಮುಗಿದಾಗ ಉಳಿದ ಹೆಂಗಸರು ಅದನ್ನು ಮರಳಿ ಹಾಡಬೇಕು, ಯಾರೂ ಹಾಡಲಿಲ್ಲ. ಮದುಮಗಳು ತಲೆ ತಗ್ಗಿಸಿ ಸುಮ್ಮನಿರಬೇಕಾದ ಹೊತ್ತು ಅದು. ನಾನು ತಲೆ ಎತ್ತಿ ಒಬ್ಬಳೇ ಹಾಡಿದೆ. ಎರಡನೆಯ ಸಾಲಿಗೆ ಅಮ್ಮನ ದನಿ ಸೇರಿತು. ಮೂರನೆಯದಕ್ಕೆ ಜುಲಿಯಾನಾ ಬಾಯಿ ಎಲ್ಲರಿಗಿಂತ ಜೋರಾಗಿ ಹಾಡಿದರು, ಎಂದಿನಂತೆ ತಪ್ಪಾಗಿ. ಆಮೇಲೆ ಯಾರು ಹಾಡಿದರು, ಯಾರು ಹಾಡಲಿಲ್ಲ ಎಂದು ಹೇಳುವಂತಿರಲಿಲ್ಲ. ಮಾವ್ಶಿಯ ದನಿ ಮಾತ್ರ ಎಲ್ಲದರ ಮೇಲೆ, ನಾನು ಚಿಕ್ಕವಳಿದ್ದಾಗ ಕೇಳಿದಷ್ಟೇ ನೇರವಾಗಿ ಹೋಗುತ್ತಿತ್ತು.

ಆ ಮನೆ ಇದ್ದಲ್ಲಿ ಈಗ ಡಾಕ್ಟರುಗಳ ಬೋರ್ಡುಗಳು ತುಂಬಿದ ಕಟ್ಟಡ ಉಂಟು. ಮಾವ್ಶಿಯೂ ಹೋದರು. ಈಗ ಕುಟುಂಬದ ರೋಸ್‌ಗಳಿಗೆ ಹಾಡಲು ನನ್ನನ್ನು ಕರೆಯುತ್ತಾರೆ. ಸಾಲುಗಳು ಗೊತ್ತು, ಗಂಡನೂ ಇದ್ದಾನೆ ಎಂದು ಕರೆಯುತ್ತಾರೆ. ನಾನು ಹೋಗುತ್ತೇನೆ. ಹೋಗಿ, ಹಾಡುವ ಮೊದಲು, ಹಿಂದಿನ ಸಾಲುಗಳಲ್ಲಿ ಗೋಡೆಗೆ ಒರಗಿ ಕೂತ ವಿಧವೆಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತೇನೆ. ಕೆಲವರು ಬೇಡವೆಂದು ಕೈಯಾಡಿಸುತ್ತಾರೆ. ಕೆಲವರು ಸೆರಗು ಸರಿಮಾಡಿಕೊಂಡು ಬಹಳ ನಿಧಾನವಾಗಿ ಏಳುತ್ತಾರೆ. ಅವರು ಬಂದು ಪಕ್ಕದಲ್ಲಿ ನಿಲ್ಲುವ ತನಕ ನಾನು ಬಾಯಿ ತೆರೆಯುವುದಿಲ್ಲ. ವಿಡಿಯೋದವನು ಸಿಡುಕುತ್ತಾನೆ, ಹಿರಿಯರು ಗಡಿಯಾರ ನೋಡುತ್ತಾರೆ. ನೋಡಲಿ.