ಕೊನೆಗೆ ಬಿಚ್ಚುವ ಚೀಟಿ

ಅಂಗಿಯ ಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಕಡೆ, ಅವರು ಒಂದು ದುಂಡು ಸ್ಟೀಲ್ ಚಮಚ ಇಟ್ಟುಕೊಳ್ಳುತ್ತಿದ್ದರು. ತುಟಿಗೆ ತಾಗಿ ತಾಗಿ ಅದರ ಒಂದು ಅಂಚು ಸವೆದು ಹೊಳೆಯುತ್ತಿತ್ತು. ಕೆಳತುಟಿಯ ನಡುವೆ ಆ ಅಂಚಿಗೆ ಸರಿಯಾಗಿ ಒಂದು ಸಣ್ಣ ತಗ್ಗು ಇತ್ತೆಂದು ನನ್ನ ನೆನಪು. ನನ್ನ ಬಳಿ ಉಳಿದಿರುವ ಒಂದೇ ಫೋಟೋದಲ್ಲಿ ತಗ್ಗು ಕಾಣುವುದಿಲ್ಲ, ಚಮಚ ಕಾಣುತ್ತದೆ. ಹಾಗಾಗಿ ಚಮಚವನ್ನು ಮಾತ್ರ ನಂಬುತ್ತೇನೆ.

2015ರಲ್ಲಿ ನಾನು ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನನ್ನದು ನೆಲಮಹಡಿ, ನನ್ನ ನೆತ್ತಿಯ ಮೇಲಿನ ಮನೆಯಲ್ಲಿ ಅವರು ಮಗಳ ಜೊತೆ ಇದ್ದರು. ಮಂಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂವತ್ತು ವರ್ಷ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸ ಮಾಡಿದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಕರೆಸಿಕೊಂಡಿದ್ದಳು. ಕೆಲಸದ ದಿನಗಳಲ್ಲಿ ಸಿಗರೇಟು ಮುಟ್ಟದವರು ನಿವೃತ್ತಿಯಾದ ಮಾರನೆಯ ದಿನವೇ ಶುರು ಮಾಡಿದ್ದರಂತೆ. ಅದನ್ನು ಬಿಡಿಸಲು ಮಗಳು ಆವಿ ಸೇದುವ ಒಂದು ಯಂತ್ರವನ್ನೂ, ‘ಕಾಫಿ’ ಎಂದು ಬರೆದ ದ್ರವದ ಪುಟ್ಟ ಬಾಟಲಿಯನ್ನೂ ತಂದುಕೊಟ್ಟಳು. ಆದರೆ ತನ್ನ ಮನೆಯೊಳಗೆ ಆವಿ ಬಿಡುವಂತಿಲ್ಲ ಎಂದಳು. ನನ್ನ ಬಾಲ್ಕನಿಗೆ ಗಾಜು ಹಾಕಿತ್ತು. ಅವರು ಕೆಳಗಿಳಿದು ಬಂದರು.

“ನೀನು ಸೇದ್ತೀಯಾ?”

“ಇಲ್ಲ ಸಾರ್.”

“ಒಳ್ಳೇದಾಯ್ತು. ಸೇದದವನ ನಾಲಿಗೆಯೇ ಬೇಕಿತ್ತು ಮಾರಾಯ.”

ಭಾನುವಾರ ಮಧ್ಯಾಹ್ನದ ನಮ್ಮ ಫೀಕಾ ಹೀಗೆ ಆರಂಭವಾಯಿತು. ಸ್ವೀಡನ್ನಿನವರು ಆ ಹೊತ್ತಿಗೆ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಕೂರುತ್ತಾರೆ. ನಾವು ಬಾಟಲಿಗಳನ್ನು ಇಟ್ಟುಕೊಂಡು ಕೂತೆವು. ಒಂದು ಕಂಪನಿಯ ಕಾಫಿಯಾದ ಮೇಲೆ ಇನ್ನೊಂದು ಕಂಪನಿಯ ಕಾಫಿ. ಎಲ್ಲವೂ ನಿಕೋಟಿನ್ ಇಲ್ಲದವು, ಎಲ್ಲವೂ ಅಂಚೆಯಲ್ಲಿ ಬಂದವು. ಅವರ ಕ್ರಮ ಕಟ್ಟುನಿಟ್ಟು. ಮೊದಲ ದಮ್ಮು ಲೆಕ್ಕಕ್ಕಿಲ್ಲ. ಎರಡನೆಯದನ್ನು ಬಾಯಲ್ಲಿ ನಿಲ್ಲಿಸಿ ಮೂಗಿನಿಂದ ಬಿಡಬೇಕು. ಆಮೇಲೆ ಒಂದು ಗುಟುಕು ನೀರು, ಅವರದು ಆ ಚಮಚದಲ್ಲಿ. ಆಮೇಲೆ, ಬಾಯಿ ಬಿಡುವ ಮುಂಚೆ, ಚೀಟಿಯಲ್ಲಿ ಬರೆಯಬೇಕು.

“ಮೊದಲು ಬರಿ. ಮಾತು ಮತ್ತೆ,” ಎನ್ನುತ್ತಿದ್ದರು. “ಮಾತಾಡಿದ್ರೆ ಕೆಟ್ಟಿತು. ಒಬ್ಬ ‘ಹುಳಿ’ ಅಂದ್ರೆ ಟೇಬಲ್ ಸುತ್ತ ಇರೋ ಎಲ್ಲರ ನಾಲಿಗೆಯೂ ಹುಳಿ.”

ವರ್ಕ್ಸ್‌ನ ಪದ್ಧತಿ ಅದು. ಎಲ್ಲರೂ ಬರೆದು ಮಡಚಿ ಇಡುವುದು, ಕಿರಿಯನಿಂದ ಹಿಡಿದು ಒಬ್ಬೊಬ್ಬರೇ ಓದುವುದು. ಹಿರಿಯನ ಚೀಟಿ ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಕಿರಿಯ ನಾನು. ನಾನು ಓದುತ್ತಿದ್ದೆ: “ಸುಟ್ಟ ಸಕ್ಕರೆ. ಕೊನೆಯಲ್ಲಿ ಒದ್ದೆ ರಟ್ಟಿನ ವಾಸನೆ.” ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. “ಹೌದು. ರಟ್ಟೇ. ಮಳೆಯಲ್ಲಿ ನೆಂದ ಗೋಣಿಯ ಕಾಫಿಗೆ ಹಾಗೆಯೇ ಬರ್ತದೆ. ಇದು ಕಾಫಿಯಲ್ಲ ಮಾರಾಯ, ಕಾಫಿಯ ಹೆಸರು ಕೇಳಿ ಓಡಿಬಂದ ಬೆಲ್ಲದ ನೀರು.” ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವರ ಚೀಟಿ ಮಾತ್ರ ಮಡಚಿದಂತೆಯೇ ಚಮಚದ ಹಿಂದೆ ಜೇಬಿಗೆ ಹೋಗುತ್ತಿತ್ತು. ಕೇಳಿದರೆ, “ಕೊನೆ ಇನ್ನೂ ಬರ್ಲಿಲ್ಲ,” ಎನ್ನುತ್ತಿದ್ದರು.

ನನಗೆ ಪಾಠ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಪಾಠವೂ ಹೌದು. ಕಹಿಗೂ ಸುಟ್ಟಿದ್ದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆ ಬಾಲ್ಕನಿಯಲ್ಲಿ.

ಒಂದು ಭಾನುವಾರ ಬಾಟಲಿ ಅದಲುಬದಲಾಯಿತು. ಪಾರ್ಸೆಲ್ಲಿನ ಜೊತೆ ಅಂಗಡಿಯವರು ಪುಕ್ಕಟೆ ಕಳಿಸಿದ್ದ ಸ್ಟ್ರಾಬೆರಿ ದ್ರವ ಕಾಫಿಯ ಬದಲು ಯಂತ್ರಕ್ಕೆ ಹೋಯಿತು. ಅವರೇ ಮೊದಲು ಸೇದಿದರು. ಬಾಲ್ಕನಿ ತುಂಬ ಮಕ್ಕಳ ಟೂತ್‌ಪೇಸ್ಟಿನ ವಾಸನೆ. ನಾನು ಅವರ ಮುಖ ನೋಡಿದೆ. ಅವರು ನೀರು ಕುಡಿದು, ಚೀಟಿ ಬರೆದು, ಮಡಚಿದರು. ನಾನು ಏನೂ ಓದಲಿಲ್ಲ. ನನ್ನ ಸರದಿ ದಾಟಿಸಿ ಅವರೇ ಅಂದರು: “ಸಿಹಿ ಸ್ವಲ್ಪ ಜಾಸ್ತಿ ಆಯ್ತು. ಕಾಫಿ ಮಾತ್ರ ಒಳ್ಳೇದುಂಟು.”

ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಎಷ್ಟು ದಿನದಿಂದಲೋ. ಅಷ್ಟು ವಾರ ನನ್ನ ಮೂಗಿನಿಂದ ಅವರು ಕಾಫಿ ಕುಡಿದಿದ್ದರು.

ಆ ಕ್ಷಣ ಎದೆ ಕಲಕಿತು, ಅವರ ಮಾನ ಉಳಿಸಲು ಸುಮ್ಮನಾದೆ ಎಂದು ಬಹಳ ಕಾಲ ನೆನಪಿಟ್ಟುಕೊಂಡಿದ್ದೆ. ಇದನ್ನು ಬರೆಯುವ ಮುಂಚೆ ಅಂದಿನ ಡೈರಿ ತೆಗೆದೆ. ಅಲ್ಲಿರುವುದು ಎರಡೇ ಸಾಲು: “ಇವತ್ತು ಸ್ಟ್ರಾಬೆರಿ ಕೊಟ್ಟು ನೋಡಿದೆ. ಕಾಫಿ ಅಂದರು. ನಗು ತಡೆಯಲು ಕಷ್ಟವಾಯಿತು.” ಕೊಟ್ಟು ನೋಡಿದೆ ಎಂದಿದೆ. ಹಾಗಾದರೆ ಬಾಟಲಿ ತಾನಾಗಿ ಬದಲಾಗಲಿಲ್ಲ. ನನಗೆ ಮೊದಲೇ ಅನುಮಾನವಿತ್ತು; ಒಬ್ಬ ಮುದುಕನನ್ನು ಪರೀಕ್ಷೆಗೆ ಕೂರಿಸಿ ಮಜಾ ನೋಡಿದ್ದೆ. ಕಲಕಿದ ಎದೆಯನ್ನು ಆಮೇಲೆ ಯಾವಾಗಲೋ ನಾನೇ ಸೇರಿಸಿಕೊಂಡಿರಬೇಕು.

ಮುಂದಿನ ಚಳಿಗಾಲದಲ್ಲಿ ಚಮಚ ಅವರ ಹಲ್ಲಿಗೆ ತಗುಲಿ ಟಕಟಕ ಎನ್ನತೊಡಗಿತು. ಬಲಗೈ ನಡುಗುತ್ತಿತ್ತು. ಮಗಳು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಂದವಳು ಮೆಟ್ಟಿಲ ಮೇಲೆ ಸಿಕ್ಕಳು.

“ಏನೇನೋ ಕೇಳ್ತಾರೆ ಕಣೋ ಡಾಕ್ಟರು. ನಿದ್ದೆ ಹೇಗೆ, ನಡಿಗೆ ಹೇಗೆ, ವಾಸನೆ ಗೊತ್ತಾಗತ್ತಾ ಅಂತೆಲ್ಲ. ನಾನಂದೆ, ನಮ್ಮಪ್ಪಂಗೆ ವಾಸನೆ ಗೊತ್ತಾಗಲ್ವಾ? ಅವರ ಮೂಗೇ ನನ್ನ ಓದಿಸಿದ್ದು ಅಂತ!” ನಕ್ಕಳು. “ಅಪ್ಪ ಪಕ್ಕದಲ್ಲೇ ಕೂತು ಹೂಂ ಹೂಂ ಅಂತಿದ್ರು.”

ಆಗ ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಹೇಳಿದ್ದರೆ, ನಿನಗೆ ಹೇಗೆ ಗೊತ್ತು ಎಂದು ಅವಳು ಕೇಳುತ್ತಿದ್ದಳು. ಆಗ ಸ್ಟ್ರಾಬೆರಿಯ ಕತೆ ಹೇಳಬೇಕಾಗುತ್ತಿತ್ತು. ಅವಳ ಜೊತೆ ನಾನೂ ನಕ್ಕೆ.

ಆ ನಡುಕದ ಕಾಯಿಲೆಯಲ್ಲಿ ಕೈಗಿಂತ ಮೊದಲು ಮೂಗು ಸೋಲುವುದುಂಟು ಎಂದು ಆಮೇಲೆ ತಿಳಿಯಿತು. ಬೇಗ ಗೊತ್ತಾಗಿದ್ದರೆ ಏನಾದರೂ ಬದಲಾಗುತ್ತಿತ್ತೇ? ಬಹುಶಃ ಇಲ್ಲ. ಓದಿದವನಾದ್ದರಿಂದ ಆ ‘ಬಹುಶಃ’ವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಗೊತ್ತು. ಸಮಾಧಾನ ಬೇಕಾದಾಗಲೆಲ್ಲ ಅಲ್ಲಿಂದ ತೆಗೆಯುತ್ತೇನೆ.

ಎರಡು ವರ್ಷದ ನಂತರ ಅವರು ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಕೆಳಗಿಳಿಯಲು ಆಗುತ್ತಿರಲಿಲ್ಲ. ಒಮ್ಮೆ ನಾನು ಹೊಸ ಬಾಟಲಿ ಹಿಡಿದು ಮೇಲೆ ಹೋದಾಗ, ಯಂತ್ರ ಕೈಗೆ ತೆಗೆದುಕೊಳ್ಳದೆ, “ನೀನೇ ಸೇದಿ ಓದು, ಸಾಕು,” ಅಂದರು. ಅವರ ದನಿ ಹಗುರವಾಗಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತೇ? ಡೈರಿಯಲ್ಲಿ ಆ ದಿನದ ಪುಟವಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಮಗಳು ಒಂದು ಕೆಂಪು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಂದಳು. ಒಳಗೆ ಚಮಚ, ಅದರಡಿ ಮಡಚಿದ ಚೀಟಿಗಳು.

“ಇದೇನೋ ಇದು? ಎಲ್ಲದರಲ್ಲೂ ‘ಏನೂ ಇಲ್ಲ, ಏನೂ ಇಲ್ಲ’ ಅಂತ ಬರ್ದಿದಾರೆ.”

ನಾನು ಒಂದೊಂದಾಗಿ ಬಿಚ್ಚಿದೆ. ಪ್ರತಿ ಚೀಟಿಯಲ್ಲೂ ತಾರೀಖು, ಅದರ ಕೆಳಗೆ ಅವರ ದುಂಡು ಅಕ್ಷರದಲ್ಲಿ ‘ಏನೂ ಇಲ್ಲ’. ಒಂದರಲ್ಲಿ ಮಾತ್ರ ‘ಸಿಹಿ. ಬೇರೆ ಏನೂ ಇಲ್ಲ’ ಎಂದಿತ್ತು, ಅದರ ಕೆಳಗೆ ಆಮೇಲೆ ಸೇರಿಸಿದ್ದು: ‘ಹುಡುಗ ಓದಲಿಲ್ಲ’. ಮಾತಿನಲ್ಲಿ ಎಷ್ಟೆಲ್ಲ ಹೇಳಿದ್ದವರು ಬರವಣಿಗೆಯಲ್ಲಿ ಒಮ್ಮೆಯೂ ಸುಳ್ಳಾಡಿರಲಿಲ್ಲ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಂದ್ರೆ ಆ ಬಾಟಲಿಗಳಲ್ಲಿ ಕಾಫಿ ಏನೂ ಇಲ್ಲ ಅಂತ,” ಅಂದೆ. “ಯಾವುದೂ ಅವರಿಗೆ ಪಾಸಾಗ್ಲಿಲ್ಲ.”

“ಅಪ್ಪ ಅಪ್ಪನೇ,” ಅಂದಳು. ಕಣ್ಣೊರೆಸಿಕೊಂಡು, ಹೆಮ್ಮೆಯಿಂದ.

ಚೀಟಿಗಳನ್ನು ಅವಳು ತೆಗೆದುಕೊಂಡು ಹೋದಳು. ಚಮಚ ನನ್ನ ಬಳಿ ಬಿಟ್ಟಳು. ಅದು ಈಗ ಈ ಮೇಜಿನ ಮೇಲಿದೆ. ಬರೆದ ಮೇಲೆಯೇ ಮಾತು ಎಂದು ನನಗೆ ಕಲಿಸಿದವರು ಅವರು. ಈಗ ಬರೆದಿದ್ದೇನೆ. ಅವಳು ಇನ್ನೂ ಅದೇ ಮನೆಯಲ್ಲಿದ್ದಾಳೆ. ಇದನ್ನು ಮಡಚಿ ಅವಳಿಗೆ ಕಳಿಸುತ್ತಿದ್ದೇನೆ. ಓದಿ ಮುಗಿಸಿ ಅವಳು ಫೋನ್ ಮಾಡಿದರೆ, ಎತ್ತುತ್ತೇನೆ.